ಮನೆಗುಳಿ

ಸುಬ್ಬರಾಯ ಮುಷ್ಟಿಯಲ್ಲಿದ್ದ ಮಂಜೊಟ್ಟಿ ಬೀಜಗಳನ್ನು ಒಂದೊಂದಾಗಿ ಚೆನ್ನೆಮಣೆಯ ಗುಳಿಗಳಿಗೆ ಬಿಡುತ್ತ ಬಂದ. ಕೊನೆಯ ಬೀಜ ಬಿದ್ದ ಮೇಲೆ ಮುಂದಿನ ಗುಳಿ ಖಾಲಿಯಿತ್ತು. ಅದನ್ನು ಬೆರಳಿನಿಂದ ಒರೆಸಿ, ಅದರಾಚೆಗಿನ ಗುಳಿಯಲ್ಲಿದ್ದ ಕೆಂಪು ರಾಶಿಯನ್ನು ಬಾಚಿ ತನ್ನತ್ತ ಎಳೆದುಕೊಂಡ.

"ಮಾಣಿ," ಒಳಗಿನಿಂದ ತಾಯಿ ಗೋಮತಿ ಕರೆದಳು. "ಬಾವಿ ಹಗ್ಗ ಹರ್ದ್ ಹೋಯ್ತ್ ಕಾಣ್. ಒಂಚೂರ್ ಬಾ."

"ಆಟ ಮುಗೀಲಿ ಅಮ್ಮ."

"ಎರಡನೇ ಸಲ ಕರೀತ್ರ್, ಕೇಂತಿಲ್ಯಾ ನಿಂಗೆ?" ಎಂದಳು ಪಕ್ಕದ ಮನೆಯ ಅಮ್ಮಣ್ಣಿ. ಅವಳು ಆ ಮಧ್ಯಾಹ್ನ ಆಗಲೇ ಸೋತು ಗೋಡೆಗೆ ಒರಗಿ ಕುಳಿತಿದ್ದಳು. "ಹೆಂಗ್ಸ್ರ ಆಟದಂಗ್ ನಿಂಗೆಂತ ಕೆಲ್ಸ? ಹೋಗ್, ಹಗ್ಗ ಕಾಣ್."

"ಆಡ್ಲಿ ಬಿಡ್ ಅಮ್ಮಣ್ಣಿ," ಎಂದಳು ಎದುರಿಗೆ ಕುಳಿತಿದ್ದ ಗೋದಾವರಿ. "ಕೂಕಂಡಾಯ್ತಲ್ಲ."

ಗೋದಾವರಿ ಸುಬ್ಬರಾಯನ ತಂದೆಯ ಅಕ್ಕ. ಮದುವೆಯಾಗಿ ಕೊಕ್ಕರ್ಣೆಗೆ ಹೋದವಳು ಮೂರು ಮಳೆಗಾಲ ಕಳೆಯುವುದರೊಳಗೆ ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಸಾಲಿಗ್ರಾಮದ ಈ ತವರುಮನೆಗೆ ಹಿಂದಿರುಗಿದ್ದಳು. ಸುಬ್ಬರಾಯ ಹುಟ್ಟಿದಾಗ ಅವನನ್ನು ಮೊದಲು ಮೀಯಿಸಿದ್ದು ಅವಳೇ. ಚೆನ್ನೆಮಣೆ ಆಡಲು ಕಲಿಸಿದ್ದೂ ಅವಳೇ.

ಅವಳು ತನ್ನ ಸಾಲನ್ನು ನೋಡಿದಳು. ಏಳು ಗುಳಿಗಳಲ್ಲಿ ಎತ್ತಿ ಆಡುವುದಕ್ಕೆ ಒಂದು ಬೀಜವೂ ಇರಲಿಲ್ಲ. ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹೆಂಗಸರ ಮಾತು ನಿಂತಿತು.

"ಸೋತೆ," ಎಂದು ಗೋದಾವರಿ ಎದ್ದು ನಿಂತಳು. "ಹಿಡಿ ಮಾಣಿ."

ಆ ಮನೆಯಲ್ಲೊಂದು ಪದ್ಧತಿಯಿತ್ತು. ಮಳೆಗಾಲದ ನಡುವಿನ ಆಸಾಡಿಯ ಒಂದು ತಿಂಗಳು ಬಿಟ್ಟರೆ ಬೇರೆ ದಿನಗಳಲ್ಲಿ ಚೆನ್ನೆ ಆಡುವಂತಿರಲಿಲ್ಲ. ಆಸಾಡಿ ಮುಗಿದು ಸೋಣೆ ತಿಂಗಳು ಹುಟ್ಟುವ ಸಂಕ್ರಮಣದ ಹಿಂದಿನ ಮಧ್ಯಾಹ್ನ ಕೊನೆಯ ಆಟ. ಅದರಲ್ಲಿ ಗೆದ್ದವಳು ಸೆರಗು ಹಿಡಿಯಬೇಕು, ಸೋತವಳು ಬೀಜಗಳನ್ನೆಲ್ಲ ಅದರಲ್ಲಿ ಸುರಿಯಬೇಕು. ಮಣೆ ಅಟ್ಟಕ್ಕೆ ಹೋಗುತ್ತದೆ. ಬೀಜ ಮುಂದಿನ ಆಸಾಡಿಯವರೆಗೆ ಗೆದ್ದವಳ ಬಳಿ ಇರುತ್ತದೆ. ಸುಬ್ಬರಾಯನಿಗೆ ನೆನಪಿರುವ ಮಟ್ಟಿಗೆ ಅವು ಅತ್ತೆಯ ಪೆಟ್ಟಿಗೆ ಬಿಟ್ಟು ಬೇರೆಲ್ಲಿಗೂ ಹೋಗಿರಲಿಲ್ಲ.

ಅವನಿಗೆ ಸೆರಗಿರಲಿಲ್ಲ. ಹೆಗಲ ಮೇಲಿನ ಬೈರಾಸನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದ. ಅತ್ತೆ ಬೊಗಸೆ ಬೊಗಸೆಯಾಗಿ ಸುರಿದಳು. ಒಂದು ಬೀಜ ಜಾರಿ ಅಕ್ಕಿಯ ಹೆಡಗೆಯ ಹಿಂದೆ ಉರುಳಿತು. ಅದನ್ನು ಹುಡುಕಿ ತಂದು ಹಾಕಿದವಳೂ ಅವಳೇ.

ಯಾರೂ ನಗಲಿಲ್ಲ. ಅವನು ಒಬ್ಬನೇ ನಗುತ್ತಿದ್ದ.

*

ಆ ನಗುವಿನ ಹಿಂದೆ ಒಂದು ತಿಂಗಳ ಯೋಚನೆಯಿತ್ತು.

ಮಂಗಳೂರಿನ ಕಾಲೇಜನ್ನು ಅವನು ಎರಡು ವರ್ಷಗಳ ಹಿಂದಿನ ಸ್ವಾತಂತ್ರ್ಯ ಚಳವಳಿಯ ಗಲಾಟೆಯಲ್ಲಿ ಬಿಟ್ಟಿದ್ದ. ಜೈಲಿಗೂ ಹೋಗಿರಲಿಲ್ಲ, ಪರೀಕ್ಷೆಗೂ ಕೂತಿರಲಿಲ್ಲ. ಊರಿನಲ್ಲಿ ಯಾರಾದರೂ ಕೇಳಿದರೆ ಯಾವುದನ್ನು ಹೇಳಬೇಕೆಂದು ತಿಳಿಯದೆ ಎರಡನ್ನೂ ಅರ್ಧರ್ಧ ಹೇಳುತ್ತಿದ್ದ. ಯುದ್ಧ ಮುಗಿದ ಮೇಲೆ ಎಲ್ಲಾದರೂ ಕೆಲಸ ಸಿಗುತ್ತದೆ ಎಂದು ತಂದೆ ದೇವಸ್ಥಾನದ ಪರಿಚಾರಕ ಕೆಲಸಕ್ಕೆ ಹೋಗಿಬರುತ್ತ ದಿನವೂ ಹೇಳುತ್ತಿದ್ದರು. ಮಗ ಅನುವಾದದ ಕಾದಂಬರಿಗಳನ್ನು ಓದುತ್ತಿದ್ದ. ತಂದಿದ್ದ ಪುಸ್ತಕಗಳೆಲ್ಲ ಮುಗಿದವು. ಎರಡನೆಯ ಸಲವೂ ಮುಗಿದವು. ಮಳೆ ಮುಗಿಯಲಿಲ್ಲ.

"ಮೋರಿ ಎಂತಕ್ ಹಂಗ್ ಮಾಡ್ಕಂಡ್ ಕೂಕಂಡಿದ್ದೆ?" ಎಂದು ಒಂದು ದಿನ ಅತ್ತೆ ಅವನ ಮುಂದೆ ಚೆನ್ನೆಮಣೆ ತಂದಿಟ್ಟಳು. "ಬಾ, ಒಂದ್ ಆಟ ಆಡ್ವ."

ಆಟ ಸರಳ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ. ಒಂದು ಗುಳಿಯದನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಸುತ್ತಬೇಕು. ಕೈ ಬರಿದಾದಾಗ ಮುಂದಿನ ಗುಳಿ ಖಾಲಿಯಿದ್ದರೆ ಅದರ ಆಚೆಯದು ನಿಮ್ಮದು. ಚಿಕ್ಕಂದಿನಲ್ಲಿ ಅವನು ಕೈಗೆ ಬಂದ ಗುಳಿಯಿಂದ ಎತ್ತಿ ಆಡುತ್ತಿದ್ದ. ಈಗ ಸೋತು ಎದ್ದವನಿಗೆ ಒಂದು ಪ್ರಶ್ನೆ ಹುಟ್ಟಿತು. ಯಾವ ಗುಳಿಯಿಂದ ಎತ್ತಿದರೆ ಕೈ ಎಲ್ಲಿ ಬರಿದಾಗುತ್ತದೆ ಎಂಬುದು ಎತ್ತುವ ಮೊದಲೇ ತೀರ್ಮಾನವಾಗಿರುತ್ತದಲ್ಲ? ಹಾಗಾದರೆ ಇದರಲ್ಲಿ ಅದೃಷ್ಟ ಎಂಬುದಕ್ಕೆ ಜಾಗವೇ ಇಲ್ಲ.

ಹಿತ್ತಲ ಕೊಟ್ಟಿಗೆಯ ಒಣ ಮಣ್ಣಿನಲ್ಲಿ ಗುಳಿ ತೋಡಿ ಹುಣಿಸೆಬೀಜ ಇಟ್ಟುಕೊಂಡು ಅವನು ಯೋಚಿಸತೊಡಗಿದ. ಎರಡೂ ಕಡೆಯಿಂದ ತಾನೇ ಆಡಿದ. ಊಟಕ್ಕೆ ಕರೆದರೆ ಕೇಳುತ್ತಿರಲಿಲ್ಲ. ಎಷ್ಟೋ ಕಾಲದಿಂದ ತನ್ನ ತಲೆ ತುಕ್ಕು ಹಿಡಿದಿದೆ ಎಂದುಕೊಂಡಿದ್ದವನಿಗೆ ಅದು ಮತ್ತೆ ಚಲಿಸುತ್ತಿರುವುದು ತಿಳಿಯಿತು. ಹೆಂಗಸರು ಹೊತ್ತು ಕಳೆಯುವ ಆಟ ಎಂದು ಎಲ್ಲರೂ ಬದಿಗಿಟ್ಟದ್ದರ ಒಳಗೆ ಇಷ್ಟು ದೂರ ನಡೆದು ಹೋಗಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ದಿನಗಳಲ್ಲಿ ಅವನು ನಿಜಕ್ಕೂ ಸುಖವಾಗಿದ್ದ.

ಆಮೇಲೆ ಅವನು ಅತ್ತೆಯ ಆಟವನ್ನು ನೋಡತೊಡಗಿದ. ಅವಳು ತನ್ನ ಸಾಲಿನ ಎಡತುದಿಯ ಗುಳಿಯನ್ನು ಮುಟ್ಟುತ್ತಲೇ ಇರಲಿಲ್ಲ. ಅದರಲ್ಲಿ ಬೀಜ ಕೂಡುತ್ತ ಹೋಗುತ್ತಿತ್ತು. ಕೇಳಿದಾಗ, "ಇದ್ ಮನಿಗುಳಿ. ಮನ್ಯಂಗೆ ನಾಕ್ ಕಾಳ್ ಇರ್ಕ್," ಎಂದಿದ್ದಳು. ಯಾವಾಗಲೋ ಒಮ್ಮೆ, ಎದುರಿನವಳು ಸೋಲುವಂತಾದ ಹೊತ್ತಿಗೆ, ಅದನ್ನು ಬಿಚ್ಚಿ ಸುತ್ತಲೂ ಹಂಚುತ್ತಿದ್ದಳು. ಸುಬ್ಬರಾಯನಿಗೆ ಅದು ಬರೀ ಅಭ್ಯಾಸವಾಗಿ ಕಂಡಿತು. ಅವಳಲ್ಲಿ ಒಂದು ಬಿರುಕು ಸಿಕ್ಕಿತೆಂದುಕೊಂಡ. ಆ ಗುಳಿ ತುಂಬದ ಹಾಗೆ ಆಟ ಶುರುಮಾಡುವುದು ಹೇಗೆಂದು ಹುಡುಕಿ, ಹುಡುಕಿದ್ದನ್ನು ಕೊನೆಯ ದಿನಕ್ಕೆಂದು ಬಚ್ಚಿಟ್ಟುಕೊಂಡ. ಅಲ್ಲಿಯವರೆಗೆ ಅದನ್ನು ಬಳಸದೆ ಸೋಲುತ್ತ ಬಂದ.

*

ಮರುದಿನ ಬೆಳಿಗ್ಗೆ ಗೋಮತಿ ಹೊಸ್ತಿಲು ತೊಳೆದು ರಂಗೋಲಿ ಬರೆದು ಹೂವಿಡುತ್ತಿದ್ದಳು. ಸೋಣೆ ತಿಂಗಳಿಡೀ ಮನೆಮನೆಯ ಮುತ್ತೈದೆಯರು ಹೊಸ್ತಿಲಿಗೆ ಪೂಜೆ ಮಾಡುತ್ತಾರೆ. ಗೋದಾವರಿ ಆ ಹೊತ್ತಿಗೆ ಅಡಿಗೆಮನೆಯಿಂದ ಹೊರಗೆ ಬರುವುದಿಲ್ಲ. ಒಳಗಿನಿಂದ ಕಡೆಯುವ ಕಲ್ಲಿನ ಸದ್ದು ಕೇಳುತ್ತಿತ್ತು.

ಅಮ್ಮಣ್ಣಿ ದಾಸವಾಳ ಕೇಳಿಕೊಂಡು ಬಂದಳು. ಜಗಲಿಯಲ್ಲಿದ್ದ ಸುಬ್ಬರಾಯನನ್ನು ಕಂಡು ನಿಂತಳು.

"ಎಂತ ಮಾಣಿ, ಬಪ್ಪ ವರ್ಷ ಸೀರಿ ಉಟ್ಕಂಡೇ ಬಾ. ಬೈರಾಸಿಗ್ ಮಡ್ಲ್ ತುಂಬುಕ್ ನಮ್ಗ್ ಅಭ್ಯಾಸ ಇಲ್ಲೆ."

ಒಳಗೆ ಕಡೆಯುವ ಕಲ್ಲು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿರುಗತೊಡಗಿತು.

"ಅಮ್ಮಣ್ಣಿ, ಹೂ ತಕಂಡ್ ಹೋಗ್," ಎಂದಳು ಗೋಮತಿ, ತಲೆಯೆತ್ತದೆ.

"ನಾ ಎಂತ ಹೇಳ್ದೆ ಈಗ? ಕೆರೆ ಹತ್ರ ಎಲ್ರೂ ಹೇಳ್ತಿತ್ರ್. ಅತ್ತಿ ಮಡ್ಲ್ ಮಾಣಿಗ್ ಹೋಯ್ತ್ ಅಂಬ್ರ್." ನಗುವುದೋ ಬಿಡುವುದೋ ತಿಳಿಯದವಳಂತೆ ಅಮ್ಮಣ್ಣಿ ಒಂದು ಕ್ಷಣ ನಿಂತು, ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಸುಬ್ಬರಾಯ ತಾಯಿಯ ಬಳಿಗೆ ಬಂದ. "ಮಡ್ಲ್ ಅಂದ್ರೆ ಎಂತ ಅಮ್ಮ? ಅದ್ ಆಟದ ಕಾಯಿ ಅಲ್ದಾ?"

ಗೋಮತಿ ಅವನನ್ನು ಹಿತ್ತಲಿಗೆ, ಬಾವಿಕಟ್ಟೆಯವರೆಗೆ ಕರೆದುಕೊಂಡು ಹೋದಳು. ಬಾವಿಯ ಹಗ್ಗ ಹರಿದಿರಲಿಲ್ಲ. ಗಟ್ಟಿಯಾಗಿಯೇ ಇತ್ತು.

"ಮದ್ವಿಮನಿಗ್ ಹೋರೆ ನಿನ್ ಅತ್ತಿ ಎಲ್ ಕೂಕಂತ್ರ್ ಕಂಡಿದ್ಯಾ?" ಎಂದು ಕೇಳಿದಳು. "ಅಡ್ಗಿ ಹಿಂದಿನ ಕೋಣಿಯಂಗೆ. ಗೌರಿಹಬ್ಬದ ದಿನ ನಂಗೆ, ಅಮ್ಮಣ್ಣಿಗೆ, ಎಲ್ರಿಗೂ ಮಡ್ಲ್ ತುಂಬ್ತ್ರ್. ಅಕ್ಕಿ, ಕಾಯಿ, ಕಣ. ಅವ್ರ್ ಸೆರ್ಗಿಗ್ ಒಂದ್ ಹೂವಿನ ಎಸ್ಳ್ ಹಾಕಿದವ್ರ್ ಯಾರೂ ಇಲ್ಲೆ. ವರ್ಷಕ್ ಆ ಒಂದ್ ದಿನ, ನಾವೆಲ್ಲ ಕಾಂತಿಪ್ಪ ಹೊತ್ತಿಗೆ, ಒಂದ್ ಮುತ್ತೈದೆ ಅವ್ರ್ ಎದ್ರಿಗ್ ನಿತ್ಕಂಡ್ ಕೆಂಪ್ ಕಾಯಿ ಸೆರ್ಗಿಗ್ ಹಾಕ್ತಿದ್ಲ್. ಆಟ ಅಲ್ದಾ? ಯಾರಿಗೆಂತ ಹೇಳುಕಾತ್ತ್?"

"ಹಂಗಾರೆ ನೀವೆಲ್ಲ ಬೇಕಂತ ಸೋಲ್ತಿದ್ರ್ಯಾ?"

"ಇಲ್ಲೆ. ಗೆದ್ದದ್ ಅವ್ರೇ. ಸೋತ್ ಕೊಟ್ರ್ ಅವ್ರಿಗ್ ಗೊತ್ತಾತಿಲ್ಯಾ? ಮುಟ್ತಿರ್ಲಿಲ್ಲೆ."

"ನಂಗೊಂದ್ ಮಾತ್ ಹೇಳುಕಾಗ್ದಾ?"

"ಹೇಳುವಂಥದ್ದಾ ಅದ್? ನಾನೂ ಅಮ್ಮಣ್ಣಿಯೂ ಯಾವತ್ತೂ ಮಾತಾಡ್ಕಂಡದ್ದಿಲ್ಲೆ. ಹಗ್ಗ ಹರೀತ್ ಅಂದೆ. ಮತ್ತೆಂತ ಹೇಳ್ಕಿತ್ತ್?" ಗೋಮತಿ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಅಷ್ಟ್ ವರ್ಷ ಅದ್ಕೆ ಹೆಸ್ರ್ ಇರ್ಲಿಲ್ಲೆ. ನಿನ್ ಬೈರಾಸ್ ಕಂಡ್ ನೆಗ್ಯಾಡುಕ್ ಹೋಯಿ ಹೆಸ್ರ್ ಇಟ್ಟಾಯ್ತ್. ಇನ್ ಬಪ್ಪ ಆಸಾಡಿಗ್ ಅವ್ರ್ ಗೆದ್ರೂ ಸೆರಗ್ ಹಿಡೀತ್ರಾ?"

*

ಅತ್ತೆ ಸಿಟ್ಟಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಎಂದಿನ ಹಾಗೆ ಗಂಜಿಗೆ ಉಪ್ಪಿನಕಾಯಿ ಬಡಿಸಿದಳು. ಅವನ ಅಂಗಿಯ ಗುಂಡಿ ಕಿತ್ತುಹೋದದ್ದನ್ನು ಕಂಡು, ಬಿಚ್ಚಿ ಕೊಡು ಎಂದಳು. ಅವಳು ಹೊಲಿದು ಕೊಟ್ಟ ಅಂಗಿಯನ್ನು ಅವನು ಎರಡು ದಿನ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಮಾತ್ರ ಅವಳು ಜಗಲಿಗೆ ಬರುವುದನ್ನು ಬಿಟ್ಟಿದ್ದಳು. ಹೆಂಗಸರು ಬಂದರೆ, "ಒಳ್ಗ್ ಕೆಲ್ಸ ಇತ್ತ್, ನೀವ್ ಕೂಕಣಿ," ಎನ್ನುತ್ತಿದ್ದಳು. ಅವರು ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು.

ಬೀಜಗಳು ಅವನ ಪುಸ್ತಕದ ಪೆಟ್ಟಿಗೆಯಲ್ಲಿ ಬೈರಾಸಿನ ಗಂಟಾಗಿಯೇ ಇದ್ದವು. ಅದನ್ನು ಬಿಚ್ಚುವ ಧೈರ್ಯ ಅವನಿಗಾಗಲಿಲ್ಲ. ಪುಸ್ತಕ ತೆಗೆಯಲು ಹೋದರೆ ಗಂಟು ಕೈಗೆ ತಾಗುತ್ತಿತ್ತು. ಅವನು ಓದಿದ ಕಾದಂಬರಿಗಳಲ್ಲಿ ತಪ್ಪು ಮಾಡಿದವರು ರೈಲು ಹತ್ತಿ ದೂರ ಹೋಗುತ್ತಿದ್ದರು, ಜ್ವರ ಬಂದು ಮಲಗುತ್ತಿದ್ದರು, ಇಲ್ಲವೇ ಯಾರದೋ ಕಾಲಿಗೆ ಬೀಳುತ್ತಿದ್ದರು. ಇಲ್ಲಿ ರೈಲಿರಲಿಲ್ಲ. ಜ್ವರವೂ ಬರಲಿಲ್ಲ. ಕಾಲಿಗೆ ಬಿದ್ದು ಏನೆಂದು ಹೇಳುವುದು? ಅವನು ಮೋಸ ಮಾಡಿರಲಿಲ್ಲ. ಹೇಳಬೇಕಾದ ಮಾತನ್ನು ಬಾಯಿ ಬಿಟ್ಟು ಹೇಳಿದರೆ ಅಮ್ಮಣ್ಣಿ ಮಾಡಿದ್ದನ್ನೇ ಇನ್ನೊಂದು ಸಲ ಮಾಡಿದಂತಾಗುತ್ತಿತ್ತು.

ಒಂದು ದಿನ ಕೆಲಸ ವಿಚಾರಿಸುವ ನೆಪ ಹೇಳಿ ಕುಂದಾಪುರಕ್ಕೆ ಹೋದ. ಅತ್ತೆಗೆ ಏನಾದರೂ ತರಬೇಕೆಂಬ ಆಸೆ. ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದ. ಬಳೆಯ ಅಂಗಡಿಯ ಮುಂದೆ ತಾನೇಕೆ ನಿಂತಿದ್ದೇನೆ ಎಂದು ಹೊಳೆದಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಸೀರೆ, ಹೂವು, ಕುಂಕುಮ, ಕನ್ನಡಿ. ಯಾವುದನ್ನೂ ಅವಳ ಕೈಗೆ ಕೊಡುವಂತಿರಲಿಲ್ಲ. ಪೇಟೆಯಲ್ಲಿ ಹೆಂಗಸರಿಗೆಂದು ಇಷ್ಟೆಲ್ಲ ಮಾರಾಟಕ್ಕಿತ್ತು. ಅವಳಿಗೆ ಕೊಡಬಹುದಾದದ್ದನ್ನು ಅವನು ಗೆದ್ದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ.

ಬರುವಾಗ ಇದ್ದಿಲಿನ ಬಸ್ಸು ತೆಕ್ಕಟ್ಟೆಯ ಹತ್ತಿರ ಉಸಿರು ಕಟ್ಟಿ ನಿಂತಿತು. ಕ್ಲೀನರು ಹಿಂದಿನ ಒಲೆಗೆ ಗಾಳಿ ತಿರುವತೊಡಗಿದ. ಜನ ಇಳಿದು ಬೀಡಿ ಹಚ್ಚಿದರು. ಸುಬ್ಬರಾಯ ಕೂತಲ್ಲೇ ಕೂತು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಆ ಕೊನೆಯ ಆಟ ಮೊದಲಿನಿಂದ ಶುರುವಾಯಿತು. ಒಂದೊಂದು ನಡೆಯೂ ನೆನಪಿತ್ತು. ತನ್ನ ಕಡೆಯಿಂದ ಅದನ್ನು ಅದೆಷ್ಟೋ ಸಲ ನೋಡಿದ್ದ. ಆವತ್ತು ಮೊದಲ ಬಾರಿಗೆ ಅತ್ತೆಯ ಕಡೆ ಹೋಗಿ ಕೂತ.

ಆಟದ ನಡುವೆ ಒಂದು ಗಳಿಗೆ ಬಂದಿತ್ತು. ಅವನ ಲೆಕ್ಕ ತುಸು ತಪ್ಪಿ ಅವನ ಸಾಲು ಬಹುತೇಕ ಬರಿದಾಗಿತ್ತು. ಒಂದು ಗುಳಿಯಲ್ಲಿ ಒಂದೇ ಬೀಜ. ಅತ್ತೆ ಬಲಗಡೆಯ ಗುಳಿಯಿಂದ ಎತ್ತಿದ್ದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅಂಗಳದ ಬಿಸಿಲನ್ನೊಮ್ಮೆ ನೋಡಿ ಮನೆಗುಳಿಯನ್ನು ಬಿಚ್ಚಿದಳು. ಅದರಲ್ಲಿ ಕೂಡಿದ್ದ ಸ್ವಲ್ಪವೇ ಬೀಜ ಸುತ್ತಿ ಬಂದು ಅವನ ಸಾಲಿಗೆ ಬಿತ್ತು. ಅತ್ತೆ ತಪ್ಪಿದಳು ಎಂದು ಆಗ ಅವನು ಒಳಗೇ ಕುಣಿದಿದ್ದ.

ಅವಳು ಆ ಗುಳಿ ಬಿಚ್ಚುತ್ತಿದ್ದದ್ದು ಯಾವಾಗ? ಪ್ರತಿ ಸಲವೂ ಎದುರಿನವಳಿಗೆ ಆಡಲು ಏನೂ ಉಳಿಯದ ಹೊತ್ತಿಗೆ. ಬೀಜ ಎದುರಿನ ಸಾಲಿಗೂ ಬೀಳುತ್ತಿತ್ತು. ಎದ್ದು ಹೋಗಬೇಕಾದವಳು ಮತ್ತೆ ಕಾಲು ಮಡಚಿ ಕೂರುತ್ತಿದ್ದಳು. ಗೆಲ್ಲುವುದಕ್ಕೆ ಅವಳಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಎದುರಿಗೆ ಯಾರಾದರೂ ಕೂತಿರುವುದಕ್ಕೆ ಬೇಕಿತ್ತು. ಅದಕ್ಕೆಂದೇ ಅವಳು ತನ್ನ ಮನೆಯಲ್ಲಿ ನಾಲ್ಕು ಕಾಳು ಇಟ್ಟುಕೊಳ್ಳುತ್ತಿದ್ದಳು. ಅದನ್ನು ಅವನು ಬಿರುಕು ಎಂದುಕೊಂಡಿದ್ದ.

ತಿಂಗಳಿಡೀ ಯೋಚಿಸಿದ್ದೇನೆ ಎಂದು ಹೆಮ್ಮೆಪಟ್ಟದ್ದು ಅವನಿಗೆ ನೆನಪಾಯಿತು. ಗುಳಿಗಳನ್ನೆಲ್ಲ ಯೋಚಿಸಿದ್ದ. ಇನ್ನು ಸ್ವಲ್ಪ ದೂರ ಯೋಚಿಸಿದ್ದರೆ ಗುಳಿಗಳ ಆಚೆಗಿದ್ದ ಮೊಣಕಾಲುಗಳು, ಅವುಗಳ ಮೇಲಿನ ಕೆಂಪು ಸೀರೆ ಕಾಣುತ್ತಿತ್ತು. ಗೆಲ್ಲುವ ದಾರಿ ಸಿಕ್ಕಿದ್ದೇ ತಡ, ಅವನು ಯೋಚನೆಯನ್ನು ನಿಲ್ಲಿಸಿದ್ದ.

ಬಸ್ಸು ಕೆಮ್ಮಿ ಹೊರಟಿತು.

*

ಮನೆಗೆ ಬಂದವನು ಅಂಗಿಯನ್ನೂ ಬಿಚ್ಚದೆ ಪೆಟ್ಟಿಗೆಯಿಂದ ಗಂಟು ತೆಗೆದುಕೊಂಡು ಹಿತ್ತಲಿಗೆ ಹೋದ. ಗೋದಾವರಿ ಕೊಟ್ಟಿಗೆಯ ಮುಂದೆ ಕೂತು ಒಣಗಿದ ತೆಂಗಿನ ಮಡಲಿನಿಂದ ಹಿಡಿಸೂಡಿ ಪೊರಕೆಗೆಂದು ಕಡ್ಡಿ ಸೀಳುತ್ತಿದ್ದಳು. ಅವನು ತೋಡಿದ್ದ ಗುಳಿಗಳು ಅಲ್ಲೇ ಮಣ್ಣಿನಲ್ಲಿ ಇನ್ನೂ ಇದ್ದವು.

"ಕೆಲ್ಸ ಸಿಕ್ತಾ ಮಾಣಿ?"

"ಇಲ್ಲೆ ಅತ್ತೆ."

"ಸಿಕ್ಕತ್ತ್. ಎಲ್ ಹೋತ್ತ್? ಗಂಜಿ ಉಂಡ್ಯಾ?"

"ಆಮೇಲ್ ಉಂತೆ." ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಅತ್ತೆ, ಆವತ್ತ್ ನನ್ ಸಾಲಂಗ್ ಒಂದೇ ಕಾಯಿ ಇದ್ದಿತ್. ನೀವ್ ಬಲಗಡಿದ್ ಎತ್ತಿರ್ ನಾ ಅಲ್ಲೇ ಸೋಲ್ತಿದ್ದೆ."

"ಹೌದ್."

"ಗೊತ್ತಿದ್ದಿತ್ತಾ?"

"ಗೊತ್ತಿಲ್ದೇ ಇರುಕೆ ನಾ ಎಂತ ನಿನ್ನೆ ಮಣಿ ಮುಂದೆ ಕೂಕಂಡವಳಾ?"

"ಮತ್ತೆ ಮನಿಗುಳಿ ಎಂತಕ್ ಬಿಚ್ಚಿದ್ರಿ?"

ಅವಳು ಕಡ್ಡಿಯನ್ನು ಚಾಕುವಿನಿಂದ ಉದ್ದಕ್ಕೆ ಎಳೆದಳು. ಒಣ ಸಿಪ್ಪೆ ಸುರುಳಿಯಾಗಿ ಬಿತ್ತು. "ಹೊತ್ತ್ ಇದ್ದಿತ್. ಅಂಗಳದಂಗ್ ಇನ್ನೂ ಬಿಸ್ಲ್ ಇದ್ದಿತ್. ಅಷ್ಟ್ ಬೇಗ ಮುಗ್ಸಿ ಎದ್ ಹೋಯಿ ಮಾಡುಕೆಂತ?" ಎಂದಳು. ಕಡ್ಡಿಯನ್ನು ಪಕ್ಕದ ರಾಶಿಗೆ ಹಾಕುತ್ತ, "ನೀ ಚಂದ ಆಡ್ದೆ. ಮನಿಗುಳಿ ತುಂಬುಕೇ ಬಿಡ್ಲಿಲ್ಲೆ. ಅಷ್ಟ್ ಯೋಚ್ನಿ ಮಾಡಿ ನನ್ ಎದ್ರಿಗ್ ಯಾರೂ ಆಡಿರ್ಲಿಲ್ಲೆ," ಎಂದಳು.

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಅರ್ಧವೇ ಯೋಚ್ನಿ ಮಾಡಿದ್ದ್ ನಾನ್," ಎಂದ.

ಅವಳು ಕೇಳದವಳ ಹಾಗೆ ಇನ್ನೊಂದು ಕಡ್ಡಿ ಎತ್ತಿಕೊಂಡಳು.

"ಬಪ್ಪ ಆಸಾಡಿಗ್ ನಾ ಮಣಿ ಹತ್ರ ಬತ್ತಿಲ್ಲೆ ಅತ್ತೆ. ಅಮ್ಮಣ್ಣಿಯಕ್ಕನೇ ಕೂಕಣ್ಲಿ. ಮೊದ್ಲಿನ ಹಂಗೇ ಆಯ್ಲಿ."

"ಅಮ್ಮಣ್ಣಿ ಕೂಕಂತ್ಲ್. ಕೂಕಂಡ್ ನನ್ ಮೋರಿ ಕಾಂತ್ಲ್. ಅವ್ಳ್ ಸೋತದ್ದೋ, ಸೋತ್ ಕೊಟ್ಟದ್ದೋ ಅಂತ ನಾನ್ ಅವ್ಳ್ ಮೋರಿ ಕಾಂತೆ. ಅದೊಂದ್ ಆಟವಾ?"

ಸುಬ್ಬರಾಯ ಗಂಟು ಬಿಚ್ಚಿದ. ಬೈರಾಸಿನ ನಡುವೆ ಬೀಜಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಮೋಡದ ಬೆಳಕಿನಲ್ಲೂ ಅವು ಹೊಳೆಯುವಷ್ಟು ಕೆಂಪಾಗಿದ್ದವು. ಎಷ್ಟೋ ವರ್ಷ ಅವಳ ಬೆರಳು ತಾಗಿ ತಾಗಿ ಬಂದ ಹೊಳಪು ಅದು.

"ನಾ ಗೆದ್ದದ್ ನೀವ್ ಕೊಟ್ಟ ಕಾಯಿಂದ್ಲೇ," ಎಂದ. "ಲೆಕ್ಕದಂಗ್ ಕಂಡ್ರೆ ಇದ್ ನಿಮ್ದೇ. ಇಲ್ ಯಾರೂ ಇಲ್ಲೆ ಅತ್ತೆ. ಸೆರಗ್ ಹಿಡ್ಕಣಿ."

ಗೋದಾವರಿ ಚಾಕುವನ್ನು ಕೆಳಗಿಟ್ಟಳು. ಕೈಯ ಧೂಳನ್ನು ಸೀರೆಗೆ ಒರೆಸಿಕೊಂಡಳು. ಬೀಜಗಳನ್ನು ನೋಡಿದಳು, ಅವನ ಮುಖವನ್ನೂ ನೋಡಿದಳು. ಅವಳ ಕೈ ಸೆರಗಿನ ಅಂಚಿಗೆ ಹೋಯಿತು. ಒಂದು ಕ್ಷಣ ಸುಬ್ಬರಾಯನ ಎದೆ ಹಗುರಾಯಿತು. ಅವಳು ಸೆರಗನ್ನು ಎಳೆದು, ಬಿಗಿಯಾಗಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಯಾರೂ ಇಲ್ದಲ್ ಹಿಡೂಕೆ ನಾ ಕದ್ದದ್ದೆಂತ?" ಎಂದಳು. "ಬ್ಯಾಡ."